ಪ್ರೊಸೆಸರ್ ಕೌಂಟರ್ ಓದೋಕೆ ನಾನೇ ಡ್ರೈವರ್ ಬರೀಬೇಕಾ?

ಪ್ರಶ್ನೆ: ನಮಸ್ತೆ ಮೇಡಂ. ನಾನು ಶಿವಮೊಗ್ಗದ ಒಂದು ಸಣ್ಣ ಕಂಪನಿಯಲ್ಲಿ ಎಂಬೆಡೆಡ್ ಇಂಜಿನಿಯರ್. ಕ್ಯಾಮೆರಾದಲ್ಲಿ ನೋಡಿ ಅಡಿಕೆ ವಿಂಗಡಿಸುವ ಯಂತ್ರ ಮಾಡುತ್ತಿದ್ದೇವೆ. ಒಳಗಿರುವುದು ರಾಸ್ಪ್‌ಬೆರಿ ಪೈ 4, ಅದರಲ್ಲಿ 64 ಬಿಟ್ ಲಿನಕ್ಸ್. ಒಂದೊಂದು ಫ್ರೇಮಿನ ಕೆಲಸ 33 ಮಿಲಿಸೆಕೆಂಡಿನಲ್ಲಿ ಮುಗಿಯಬೇಕು, ಕೆಲವೊಮ್ಮೆ ಮುಗಿಯುವುದಿಲ್ಲ. ಕ್ಯಾಶ್ ಮಿಸ್ (ಬೇಕಾದ ಡೇಟಾ ಪ್ರೊಸೆಸರಿನ ಹತ್ತಿರದ ಸಣ್ಣ ಮೆಮೊರಿಯಲ್ಲಿ ಸಿಗದಿರುವುದು) ಕಾರಣ ಇರಬಹುದು ಅನ್ನಿಸಿ, ಪ್ರೊಸೆಸರಿನ ಪರ್ಫಾರ್ಮೆನ್ಸ್ ಕೌಂಟರ್‌ಗಳನ್ನು ನಮ್ಮ ಪ್ರೋಗ್ರಾಂನಿಂದಲೇ ಓದಲು ನಲವತ್ತು ಸಾಲಿನ ಒಂದು ಕರ್ನಲ್ ಮಾಡ್ಯೂಲ್ (ಲಿನಕ್ಸ್‌ನ ತಿರುಳಿಗೆ ಸೇರಿಸುವ ಕೋಡ್) ಬರೆದೆ. ಓದಲು ಬರುತ್ತದೆ, ಆದರೆ ಮೂರು ತೊಂದರೆ. ಕೆಲವು ಸಲ ಪ್ರೋಗ್ರಾಂ 'ಇಲ್ಲೀಗಲ್ ಇನ್‌ಸ್ಟ್ರಕ್ಷನ್' ಎಂದು ಸಾಯುತ್ತದೆ. ಕೆಲವು ಸಲ ಕ್ಯಾಶ್ ಮಿಸ್ 18446744069414585116 ಎಂದು ಬರುತ್ತದೆ. ಯಾರಾದರೂ ಲಿನಕ್ಸ್‌ನ ಅಳತೆ ಸಾಧನ ಪರ್ಫ್ ಓಡಿಸಿದರೆ ಆಮೇಲೆ ನನ್ನ ಮಾಡ್ಯೂಲ್ ಕೆಲಸವನ್ನೇ ಮಾಡುವುದಿಲ್ಲ. ಆ ರಿಜಿಸ್ಟರ್ ಮುಟ್ಟಿದರೆ ಚಿಪ್ ಸುಟ್ಟುಹೋಗುತ್ತದೆ ಅಂತ ನಮ್ಮ ಸೀನಿಯರ್ ಹೆದರಿಸುತ್ತಾರೆ. ಪರ್ಫ್ ತುಂಬಾ ಭಾರ, ಸರಿಯಾದ ಅಳತೆಗೆ ಸ್ವಂತ ಡ್ರೈವರ್ ಬೇಕೇ ಬೇಕು ಅಂತಾನೆ ಗೆಳೆಯ. ಮುಂದಿನ ಬೋರ್ಡಿನಲ್ಲಿ ಎಫ್‌ಪಿಜಿಎ (ಒಳಗಿನ ಸರ್ಕ್ಯೂಟ್ ನಾವೇ ಹೊಂದಿಸಬಹುದಾದ ಚಿಪ್) ಬರುತ್ತದೆ, ಅದರೊಳಗೆ ನಮ್ಮವರೇ ಕೂರಿಸಿದ ಬಸ್ ಟ್ರಾಫಿಕ್ (ಚಿಪ್‌ನ ಭಾಗಗಳ ನಡುವೆ ಓಡುವ ಡೇಟಾ) ಎಣಿಸುವ ಕೌಂಟರ್‌ಗಳಿವೆ. ಎರಡಕ್ಕೂ ಸೇರಿಸಿ ಒಂದೇ ಡ್ರೈವರ್ ಬರೆಯಲಾ?

ಉತ್ತರ: ಮೊದಲು ಉತ್ತರ ಹೇಳಿಬಿಡುತ್ತೇನೆ, ಕಾರಣ ಆಮೇಲೆ. ಪ್ರೊಸೆಸರಿನ ಕೌಂಟರಿಗೆ ಬರೆಯಬೇಡಿ, ಅದಕ್ಕೆ ಕರ್ನಲ್‌ನಲ್ಲಿ ಈಗಾಗಲೇ ಡ್ರೈವರ್ ಇದೆ. ನಿಮ್ಮ ಮೂರೂ ತೊಂದರೆ ಹುಟ್ಟಿದ್ದು ಅಲ್ಲಿಂದಲೇ. ಎಫ್‌ಪಿಜಿಎ ಕೌಂಟರಿಗೆ ಖಂಡಿತ ಬರೆಯಿರಿ. ಆ ಹಾರ್ಡ್‌ವೇರ್ ಜಗತ್ತಿನಲ್ಲಿ ನಿಮ್ಮ ಹತ್ತಿರ ಮಾತ್ರ ಇದೆ, ಬೇರೆ ಯಾರೂ ಬರೆದುಕೊಡುವುದಿಲ್ಲ.

ಸೀನಿಯರ್ ಹೇಳಿದ ಭಯ ಮೊದಲು ತೆಗೆಯೋಣ. ಪರ್ಫಾರ್ಮೆನ್ಸ್ ಕೌಂಟರ್ ಅಂದರೆ ಎಣಿಸುವ ರಿಜಿಸ್ಟರ್, ಅಷ್ಟೇ. ಅದಕ್ಕೆ ವೋಲ್ಟೇಜ್ ಗೊತ್ತಿಲ್ಲ, ಕ್ಲಾಕ್ ಬದಲಿಸುವ ಶಕ್ತಿ ಇಲ್ಲ. ಯಾವ ಘಟನೆ ಎಣಿಸಬೇಕು ಅಂತ ಒಂದು ನಂಬರ್ ಕೊಡುತ್ತೀರಿ, ಅದು ಎಣಿಸುತ್ತದೆ. ತಪ್ಪು ನಂಬರ್ ಕೊಟ್ಟರೆ ತಪ್ಪು ಎಣಿಸುತ್ತದೆ. ಚಿಪ್ ಸುಡುವುದಿಲ್ಲ. ಆದರೆ ಅವರ ಮಾತನ್ನು ಪೂರ್ತಿ ತಳ್ಳಿಹಾಕಬೇಡಿ. ಕರ್ನಲ್ ಒಳಗೆ ಇಲ್ಲದ ರಿಜಿಸ್ಟರ್ ಮುಟ್ಟಿದರೆ ಕರ್ನಲ್ ಬೀಳುತ್ತದೆ. ಪೈನಲ್ಲಿ ಹಾಗೆ ಪದೇಪದೇ ಬಿದ್ದರೆ ಎಸ್‌ಡಿ ಕಾರ್ಡಿನ ಫೈಲುಗಳು ಕೆಡುತ್ತವೆ. ಪ್ರಯೋಗಕ್ಕೆ ಬೇರೆ ಕಾರ್ಡ್ ಇಟ್ಟುಕೊಳ್ಳಿ.

ಈಗ ಅಸಲು ವಿಷಯ. ಹಳೆಯ ವಠಾರಗಳನ್ನು ನೆನಪಿಸಿಕೊಳ್ಳಿ. ನಾಲ್ಕೈದು ಮನೆ, ಒಂದೇ ಕರೆಂಟ್ ಮೀಟರ್. ಮೀಟರ್ ಓದುವುದು ಯಾರಿಗೂ ಕಷ್ಟವಲ್ಲ. ಯಾವ ಮನೆ ಎಷ್ಟು ಉರಿಸಿತು ಅಂತ ಹೇಳುವುದು ಕಷ್ಟ. ಪೈ 4ರ ಕಾರ್ಟೆಕ್ಸ್ ಎ72 ಪ್ರೊಸೆಸರಿನಲ್ಲಿ ನಾಲ್ಕು ಕೋರ್. ಪ್ರತಿ ಕೋರಿಗೂ 6 ಘಟನೆ ಕೌಂಟರ್, ಜೊತೆಗೆ ಒಂದು ಸೈಕಲ್ ಕೌಂಟರ್. ಈ ಏಳು ಮೀಟರುಗಳಿಗೆ ನಿಮ್ಮ ಪ್ರೋಗ್ರಾಂ ಯಾವುದು, ಬೇರೆಯವರದ್ದು ಯಾವುದು ಅಂತ ಗೊತ್ತೇ ಇಲ್ಲ. ಆ ಕೋರಿನ ಮೇಲೆ ಯಾರು ಓಡಿದರೂ ಎಣಿಸುತ್ತಾ ಹೋಗುತ್ತವೆ. ನಿಮ್ಮ ಪ್ರೋಗ್ರಾಂ ಓಡುವಾಗ ನಡುವೆ ವೈಫೈ ಇಂಟರಪ್ಟ್ (ನನ್ನ ಕೆಲಸ ಮೊದಲು ಮಾಡು ಅನ್ನುವ ಹಾರ್ಡ್‌ವೇರಿನ ಕರೆ) ಬಂದರೆ ಅದರ ಕ್ಯಾಶ್ ಮಿಸ್ ಕೂಡ ನಿಮ್ಮ ಲೆಕ್ಕಕ್ಕೇ ಬೀಳುತ್ತದೆ. ಕೌಂಟರ್ ಓದುವುದು ಒಂದು ಸಾಲಿನ ಅಸೆಂಬ್ಲಿ. ಆ ಸಂಖ್ಯೆ ಯಾರದ್ದು ಅಂತ ಹೇಳುವುದೇ ಡ್ರೈವರಿನ ಕೆಲಸ. ನಿಮ್ಮ ನಲವತ್ತು ಸಾಲಿನಲ್ಲಿ ಮೊದಲನೆಯದು ಇದೆ, ಎರಡನೆಯದು ಇಲ್ಲ.

ನಿಮ್ಮ ತೊಂದರೆಗಳನ್ನು ಒಂದೊಂದಾಗಿ ನೋಡೋಣ.

ಇಲ್ಲೀಗಲ್ ಇನ್‌ಸ್ಟ್ರಕ್ಷನ್ ಯಾಕೆ? ಸಾಮಾನ್ಯ ಪ್ರೋಗ್ರಾಂ ಕೌಂಟರ್ ಓದಬೇಕಾದರೆ ಯೂಸರ್ ಎನೇಬಲ್ ರಿಜಿಸ್ಟರಿನಲ್ಲಿ ಅನುಮತಿಯ ಬಿಟ್ ಹಾಕಬೇಕು. ಆ ರಿಜಿಸ್ಟರ್ ಪ್ರತಿ ಕೋರಿಗೂ ಬೇರೆ. ನಿಮ್ಮ ಮಾಡ್ಯೂಲಿನ ಇನಿಟ್ ಫಂಕ್ಷನ್ ಓಡುವುದು ಯಾವುದೋ ಒಂದು ಕೋರಿನಲ್ಲಿ ಮಾತ್ರ. ಅಲ್ಲಿ ಅನುಮತಿ ಬಂತು, ಉಳಿದ ಮೂರರಲ್ಲಿ ಇಲ್ಲ. ಶೆಡ್ಯೂಲರ್ ನಿಮ್ಮ ಪ್ರೋಗ್ರಾಂ ಅನ್ನು ಆ ಮೂರರಲ್ಲಿ ಒಂದಕ್ಕೆ ಎತ್ತಿ ಹಾಕಿದ ಗಳಿಗೆ ಅದು ಸಾಯುತ್ತದೆ. ಕರ್ನಲ್‌ನ 'ಆನ್ ಈಚ್ ಸಿಪಿಯು' ಫಂಕ್ಷನ್ ಬಳಸಿ ನಾಲ್ಕರಲ್ಲೂ ಬಿಟ್ ಹಾಕಿದರೆ ಸದ್ಯಕ್ಕೆ ನಿಲ್ಲುತ್ತದೆ. ಆದರೆ ಆಗ ಇನ್ನೊಂದು ಎದುರಾಗುತ್ತದೆ. ಮೊದಲ ಓದು 1ನೇ ಕೋರಿನಲ್ಲಿ, ಎರಡನೆಯದು 3ನೇ ಕೋರಿನಲ್ಲಿ ಆದರೆ ಎರಡು ಬೇರೆ ಮೀಟರುಗಳ ವ್ಯತ್ಯಾಸ ತೆಗೆದ ಹಾಗೆ. ಆ ಸಂಖ್ಯೆಗೆ ಅರ್ಥವೇ ಇಲ್ಲ. ಇದು ಮೊದಲಿನದಕ್ಕಿಂತ ಕೆಟ್ಟದ್ದು. ಪ್ರೋಗ್ರಾಂ ಸತ್ತರೆ ಗೊತ್ತಾಗುತ್ತದೆ, ತಪ್ಪು ಸಂಖ್ಯೆ ಸದ್ದಿಲ್ಲದೆ ನಿಮ್ಮ ವರದಿಗೆ ಹೋಗಿ ಕೂರುತ್ತದೆ.

ಎರಡನೆಯದು, ಆ ಇಪ್ಪತ್ತು ಅಂಕಿಯ ಸಂಖ್ಯೆ. ಇದನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಎ72ರ ಸೈಕಲ್ ಕೌಂಟರ್ 64 ಬಿಟ್, ಆದರೆ ಘಟನೆ ಕೌಂಟರ್‌ಗಳು 32 ಬಿಟ್. 4294967295 ಆದ ಮೇಲೆ ಮತ್ತೆ ಸೊನ್ನೆ. 9999 ಆದ ಮೇಲೆ 0000 ತೋರಿಸುವ ಮೀಟರ್ ಥರ. ನೀವು ಮೊದಲು ಓದಿದಾಗ 4294967000 ಇತ್ತು, ಆಮೇಲೆ ಓದಿದಾಗ 500 ಇತ್ತು ಅಂತ ಇಟ್ಟುಕೊಳ್ಳಿ. 500ರಿಂದ 4294967000 ಕಳೆದರೆ ಬರುವುದು ಮೈನಸ್ 4294966500. ಚಿಹ್ನೆ ಇಲ್ಲದ 64 ಬಿಟ್ ವೇರಿಯಬಲ್‌ನಲ್ಲಿ ಇಟ್ಟರೆ ಅದೇ 18446744069414585116 ಆಗಿ ಕಾಣುತ್ತದೆ. ನೀವು ಬರೆದ ಸಂಖ್ಯೆ ಇದೇ ಅಲ್ವಾ? ಅದಕ್ಕೆ 2ರ 32ನೇ ಘಾತ ಕೂಡಿಸಿದರೆ ಉಳಿಯುವುದು 796. ನಡುವೆ ಕೌಂಟರ್ ಒಂದೇ ಸಲ ಸುತ್ತಿದ್ದರೆ ನಿಜವಾದ ಕ್ಯಾಶ್ ಮಿಸ್ ಅಷ್ಟೇ. ಕಳೆಯುವುದನ್ನು 32 ಬಿಟ್‌ನಲ್ಲೇ ಮಾಡಿದರೆ ಈ ಕಾಟ ಇರುವುದಿಲ್ಲ. ಎರಡು ಸಲ ಸುತ್ತಿದ್ದರೆ ಮಾತ್ರ ಯಾವ ಗಣಿತವೂ ಉಳಿಸುವುದಿಲ್ಲ. ಅದಕ್ಕೇ ಕೌಂಟರ್ ತುಂಬಿದಾಗ ಇಂಟರಪ್ಟ್ ಬರುವ ಏರ್ಪಾಡು ಇರುವುದು. ಅಂದ ಹಾಗೆ, ಕೋರ್ ಬದಲಾದರೂ ಇಂಥದ್ದೇ ದೊಡ್ಡ ಸಂಖ್ಯೆ ಬರಬಹುದು. ಯಾವುದು ಅಂತ ತಿಳಿಯಲು ಪ್ರೋಗ್ರಾಂ ಅನ್ನು ಟಾಸ್ಕ್‌ಸೆಟ್ ಆಜ್ಞೆಯಿಂದ ಒಂದೇ ಕೋರಿಗೆ ಕಟ್ಟಿಹಾಕಿ ಓಡಿಸಿ. ಆಗಲೂ ಬಂದರೆ ಕೌಂಟರ್ ಸುತ್ತಿದೆ.

ಮೂರನೆಯದು ಪರ್ಫ್ ಜೊತೆಗಿನ ಜಗಳ. ಅದರಲ್ಲಿ ಪರ್ಫ್ ತಪ್ಪಿಲ್ಲ. ಈ ರಿಜಿಸ್ಟರ್‌ಗಳ ಯಜಮಾನ ಕರ್ನಲ್‌ನ ಪಿಎಂಯು (ಪ್ರೊಸೆಸರಿನ ಕೌಂಟರ್‌ಗಳಿರುವ ಘಟಕ) ಡ್ರೈವರ್. ನೀವು ಅದಕ್ಕೆ ಹೇಳದೆ ಹಿಂಬಾಗಿಲಿನಿಂದ ಬಿಟ್ ಬದಲಾಯಿಸಿದ್ದೀರಿ. ಯಾರೋ ಪರ್ಫ್ ಓಡಿಸಿದ ತಕ್ಷಣ ಡ್ರೈವರ್ ತನಗೆ ಬೇಕಾದ ಹಾಗೆ ಕೌಂಟರ್‌ಗಳನ್ನು ಹೊಂದಿಸುತ್ತದೆ. ಹೊಸ ಕರ್ನಲ್‌ಗಳಲ್ಲಿ ಯಾರೂ ಕೇಳಿಕೊಂಡಿಲ್ಲದಿದ್ದರೆ ಯೂಸರ್ ಅನುಮತಿಯನ್ನೂ ತೆಗೆಯುತ್ತದೆ. ಕೆಲಸ ಮುಗಿದ ಮೇಲೆ ಎಲ್ಲ ಎಣಿಕೆ ಶುರು ಮಾಡುವ ಮುಖ್ಯ ಬಿಟ್ ಅನ್ನೇ ಆರಿಸುತ್ತದೆ. ಹಾಗಾಗಿ ಒಮ್ಮೆ ನಿಮ್ಮ ಸಂಖ್ಯೆ ಅಲ್ಲಾಡದೆ ನಿಂತಿರುತ್ತದೆ, ಒಮ್ಮೆ ಪ್ರೋಗ್ರಾಂ ಸಾಯುತ್ತದೆ.

ಈ ಜಗಳ ಹೊಸದಲ್ಲ. 2009ಕ್ಕೆ ಮುಂಚೆ ಲಿನಕ್ಸ್‌ನಲ್ಲಿ ಕೌಂಟರ್ ಓದಲು ಒಂದೊಂದು ಗುಂಪಿನದು ಒಂದೊಂದು ದಾರಿ: ಪರ್ಫ್‌ಸಿಟಿಆರ್, ಪರ್ಫ್‌ಮಾನ್, ಓಪ್ರೊಫೈಲ್. ಎಲ್ಲರಿಗೂ ಬೇಕಾದದ್ದು ಅದೇ ನಾಲ್ಕಾರು ರಿಜಿಸ್ಟರ್. 2009ರಲ್ಲಿ 2.6.31 ಆವೃತ್ತಿಯೊಂದಿಗೆ ಕರ್ನಲ್ ಒಳಗೇ ಒಂದು ಚೌಕಟ್ಟು ಬಂತು, ಅದೇ ಇವತ್ತಿನ ಪರ್ಫ್. ಓಪ್ರೊಫೈಲ್‌ನ ಕರ್ನಲ್ ಭಾಗವನ್ನು 2021ರಲ್ಲಿ, 5.12ರಲ್ಲಿ ತೆಗೆದೇ ಹಾಕಿದರು. ನಿಮ್ಮ ಗೆಳೆಯ ಹೇಳುವ 'ಸ್ವಂತ ಡ್ರೈವರ್' ಕಾಲವನ್ನು ಲಿನಕ್ಸ್ ನೋಡಿ, ಸಾಕಾಗಿ, ಬಿಟ್ಟು ಬಂದಿದೆ.

ಪರ್ಫ್ ಭಾರ ಅನ್ನುವ ಮಾತಿನಲ್ಲಿ ಎಷ್ಟು ನಿಜ? ಸ್ವಲ್ಪ ಇದೆ. ಪ್ರತಿ ಓದಿಗೂ ಒಂದು ಸಿಸ್ಟಮ್ ಕಾಲ್ (ಪ್ರೋಗ್ರಾಂ ಕರ್ನಲ್‌ಗೆ ಕೊಡುವ ಕರೆ) ಬೇಕು, ಅದಕ್ಕೆ ನೂರಾರು ಸೈಕಲ್, ಕೆಲವೊಮ್ಮೆ ಸಾವಿರ ದಾಟಬಹುದು. ಹತ್ತು ಸಾಲಿನ ಸಣ್ಣ ಲೂಪ್ ಅಳೆಯಲು ಹೊರಟರೆ ಇದು ಜಾಸ್ತಿಯೇ. ನಿಮ್ಮ ಲೆಕ್ಕ ಬೇರೆ. 1.5 ಗಿಗಾಹರ್ಟ್ಸ್‌ನಲ್ಲಿ 33 ಮಿಲಿಸೆಕೆಂಡ್ ಅಂದರೆ ಸುಮಾರು 5 ಕೋಟಿ ಸೈಕಲ್. ಫ್ರೇಮಿನ ಶುರುವಿಗೊಂದು, ಕೊನೆಗೊಂದು ಓದು. ಒಂದಕ್ಕೆ 2,000 ಸೈಕಲ್ ಅಂತ ಧಾರಾಳವಾಗಿ ಹಿಡಿದರೂ 5 ಕೋಟಿಯಲ್ಲಿ 4,000. ಅಡಿಕೆ ಯಂತ್ರಕ್ಕೆ ಇದು ತಟ್ಟುವುದೇ ಇಲ್ಲ.

ಈಗ ನಿಮ್ಮ ಮುಂದಿರುವ ದಾರಿಗಳು.

ನಾನು ಮೊದಲು ಹೇಳುವುದು ಪರ್ಫ್ ಇದ್ದ ಹಾಗೇ ಬಳಸಿ ಅಂತ. ಹೊರಗಿನಿಂದ ಪರ್ಫ್ ಸ್ಟ್ಯಾಟ್, ಪ್ರೋಗ್ರಾಂ ಒಳಗಿನಿಂದ 'ಪರ್ಫ್ ಈವೆಂಟ್ ಓಪನ್' ಸಿಸ್ಟಮ್ ಕಾಲ್. ಪ್ರೋಗ್ರಾಂ ಕೋರಿನಿಂದ ಇಳಿಯುವಾಗ ಎಷ್ಟಾಗಿತ್ತು, ಮತ್ತೆ ಹತ್ತಿದಾಗ ಎಲ್ಲಿಂದ ಶುರು ಅಂತ ಬರೆದಿಟ್ಟುಕೊಳ್ಳುವ ಕೆಲಸ ಅದು ಮಾಡುತ್ತದೆ. ಕೌಂಟರ್ ಸುತ್ತಿದರೂ ಅದೇ ನೋಡಿಕೊಳ್ಳುತ್ತದೆ. ಕರ್ನಲ್ ಸೇರಿಸಬೇಡ, ನನ್ನ ಪ್ರೋಗ್ರಾಂ ಮಾತ್ರ ಎಣಿಸು ಅಂತಲೂ ಹೇಳಬಹುದು. ಒಂದು ಕಡೆ ಮಾತ್ರ ಜಾಗ್ರತೆ. 6 ಕೌಂಟರ್ ಇದ್ದಾಗ 10 ಘಟನೆ ಕೇಳಿದರೆ ಪರ್ಫ್ ಇಲ್ಲ ಅನ್ನುವುದಿಲ್ಲ. ಸರದಿಯ ಮೇಲೆ ಒಂದಷ್ಟು ಹೊತ್ತು ಇವು, ಒಂದಷ್ಟು ಹೊತ್ತು ಅವು ಅಂತ ಎಣಿಸಿ, ಉಳಿದದ್ದನ್ನು ಅಂದಾಜಿನಲ್ಲಿ ಹಿಗ್ಗಿಸಿ ಕೊಡುತ್ತದೆ. ಸಾಲಿನ ಕೊನೆಯಲ್ಲಿ ಶೇಕಡಾ ಎಷ್ಟು ಹೊತ್ತು ಎಣಿಸಿತು ಅಂತ ಇರುತ್ತದೆ, ಅದನ್ನು ಬಹಳ ಜನ ನೋಡುವುದೇ ಇಲ್ಲ. ಒಂದು ಕೆಟ್ಟ ಫ್ರೇಮ್ ಹುಡುಕುವ ನಿಮ್ಮಂಥ ಕೆಲಸಕ್ಕೆ ಅಂದಾಜು ಆಗುವುದಿಲ್ಲ. ನಾಲ್ಕೈದು ಘಟನೆ ಸಾಕು, ಒಂದೇ ಗುಂಪಿನಲ್ಲಿ ಕೇಳಿ. ಗುಂಪಿನವು ಒಟ್ಟಿಗೇ ಎಣಿಸುತ್ತವೆ, ಒಟ್ಟಿಗೇ ನಿಲ್ಲುತ್ತವೆ.

ಸಿಸ್ಟಮ್ ಕಾಲ್ ಕೂಡ ಬೇಡ ಅಂದರೆ ಅದಕ್ಕೂ ಸರಿಯಾದ ಬಾಗಿಲಿದೆ. 64 ಬಿಟ್ ಆರ್ಮ್‌ನಲ್ಲಿ (ನಿಮ್ಮ ಪೈ ಪ್ರೊಸೆಸರಿನ ಜಾತಿ) ಕರ್ನಲ್ 5.17ರಿಂದ 'ಪರ್ಫ್ ಯೂಸರ್ ಆಕ್ಸೆಸ್' ಅನ್ನುವ ಸಿಸ್‌ಸಿಟಿಎಲ್ (ಕರ್ನಲ್‌ನ ಒಂದು ಹೊಂದಿಕೆ) ಬಂದಿದೆ. ಅದನ್ನು 1 ಮಾಡಿ, ಈವೆಂಟ್ ತೆರೆಯುವಾಗ ಯೂಸರ್ ಓದು ಬೇಕು ಅಂತ ಕೇಳಿಕೊಂಡರೆ ಡ್ರೈವರ್ ತಾನೇ ಅನುಮತಿ ಕೊಡುತ್ತದೆ, ಬೇರೆ ಪ್ರೋಗ್ರಾಂ ಬಂದಾಗ ತಾನೇ ತೆಗೆಯುತ್ತದೆ. ನೀವು ನಲವತ್ತು ಸಾಲಿನಲ್ಲಿ ಮಾಡಲು ಹೊರಟಿದ್ದೂ ಇದನ್ನೇ. ಎಂಮ್ಯಾಪ್ ಮಾಡಿದ (ಕರ್ನಲ್ ಮತ್ತು ಪ್ರೋಗ್ರಾಂ ಹಂಚಿಕೊಳ್ಳುವ) ಪುಟದಿಂದ ಯಾವ ಕೌಂಟರ್, ಎಷ್ಟು ಕೂಡಿಸಬೇಕು ಅಂತ ಓದಿ ಲೆಕ್ಕ ಹಾಕಬೇಕು. ಆ ಕೋಡ್ ನೀವೇ ಬರೆಯಬೇಡಿ, ಕರ್ನಲ್ ಜೊತೆ ಬರುವ ಲಿಬ್‌ಪರ್ಫ್‌ನಲ್ಲಿ ಇದೆ.

ನಿಮ್ಮ ಈಗಿನ ಮಾಡ್ಯೂಲ್ ಇಟ್ಟುಕೊಳ್ಳಬಹುದಾ? ಕಲಿಯಲು ಇಟ್ಟುಕೊಳ್ಳಿ, ಅದನ್ನು ಬರೆದದ್ದು ವ್ಯರ್ಥವಲ್ಲ. ಪರ್ಫ್ ಯಾರೂ ಮುಟ್ಟದ, ಪ್ರೋಗ್ರಾಂ ಒಂದೇ ಕೋರಿಗೆ ಕಟ್ಟಿದ ಮೇಜಿನ ಮೇಲಿನ ಬೋರ್ಡಿನಲ್ಲಿ ನಡೆಯುತ್ತದೆ. ಓದುವ ಮುಂಚೆ ಐಎಸ್‌ಬಿ (ಹಿಂದಿನ ಸೂಚನೆಗಳು ಮುಗಿಯುವವರೆಗೆ ತಡೆಯುವ ಸೂಚನೆ) ಹಾಕುವುದನ್ನು ಮರೆಯಬೇಡಿ. ಎ72 ಸೂಚನೆಗಳನ್ನು ಹಿಂದೆ ಮುಂದೆ ಮಾಡಿ ಓಡಿಸುತ್ತದೆ. ಗ್ರಾಹಕರಿಗೆ ಕೊಡುವ ಯಂತ್ರದಲ್ಲಿ ಮಾತ್ರ ಬೇಡವೇ ಬೇಡ. ಎಲ್ಲ ಪ್ರೋಗ್ರಾಂಗೂ ಸೈಕಲ್ ಮಟ್ಟದ ಗಡಿಯಾರ ಬಿಟ್ಟುಕೊಟ್ಟರೆ, ಕ್ಯಾಶ್ ಸಮಯ ಅಳೆದು ಗುಟ್ಟು ಕದಿಯುವ ದಾಳಿಗೆ ದಾರಿ ಸುಲಭವಾಗುತ್ತದೆ. ಮೊದಲಿನಿಂದಲೇ ಆ ಅನುಮತಿ ಮುಚ್ಚಿರುವುದಕ್ಕೆ ಇದೂ ಒಂದು ಕಾರಣ.

ಇನ್ನು ಎಫ್‌ಪಿಜಿಎ. ಇಲ್ಲಿ ನೀವು ನಿಜವಾಗಿ ಡ್ರೈವರ್ ಬರೆಯುತ್ತೀರಿ. ಸ್ವಂತ ಡಿವೈಸ್ ಫೈಲ್, ಸ್ವಂತ ಐಒಸಿಟಿಎಲ್ ಆಜ್ಞೆಗಳು ಅಂತ ಹೋಗಬೇಡಿ, ಪರ್ಫ್ ಚೌಕಟ್ಟಿನೊಳಗೇ ಬರೆಯಿರಿ. ಮಾದರಿಗಳು ಕರ್ನಲ್ ಮೂಲದ ಡ್ರೈವರ್ಸ್ ಫೋಲ್ಡರಿನ ಪರ್ಫ್ ಅನ್ನುವ ಒಳಫೋಲ್ಡರಿನಲ್ಲಿ ಸಾಕಷ್ಟಿವೆ. 'ಸ್ಟ್ರಕ್ಟ್ ಪಿಎಂಯು' ತುಂಬಿ 'ಪರ್ಫ್ ಪಿಎಂಯು ರಿಜಿಸ್ಟರ್' ಕರೆದರೆ ನಿಮ್ಮ ಕೌಂಟರ್‌ಗಳು ಪರ್ಫ್ ಲಿಸ್ಟಿನಲ್ಲಿ ಹೆಸರಿನ ಸಮೇತ ಕಾಣುತ್ತವೆ. ಆ ಫಂಕ್ಷನ್ ಸಿಗುವುದು ಮುಕ್ತ ಸಾಫ್ಟ್‌ವೇರಿನ ಜಿಪಿಎಲ್ ಲೈಸೆನ್ಸ್ ಎಂದು ಹೇಳಿಕೊಂಡ ಮಾಡ್ಯೂಲಿಗೆ ಮಾತ್ರ. ಇದನ್ನು ಮ್ಯಾನೇಜರಿಗೆ ಮೊದಲೇ ಹೇಳಿಬಿಡಿ.

ತುಂಬಬೇಕಾದ ಫಂಕ್ಷನ್‌ಗಳು ಕೆಲವೇ: ಈವೆಂಟ್ ಇನಿಟ್, ಆಡ್, ಡೆಲ್, ಸ್ಟಾರ್ಟ್, ಸ್ಟಾಪ್, ರೀಡ್. ನನ್ನ ಅನುಭವದಲ್ಲಿ ಜನ ಎಡವುವುದು ಈವೆಂಟ್ ಇನಿಟ್‌ನಲ್ಲಿ. ಅಲ್ಲಿನ ಕೆಲಸ ಬಹುಪಾಲು 'ಆಗುವುದಿಲ್ಲ' ಅನ್ನುವುದು. ಕೇಳಿದ ಟೈಪ್ ನನ್ನದಲ್ಲ ಅಂದರೆ ಇನೋಎಂಟ್ ಎಂಬ ತಪ್ಪಿನ ಸಂಕೇತ ವಾಪಸ್ ಕೊಡಬೇಕು, ಆಗ ಕರ್ನಲ್ ಬೇರೆಯವರನ್ನು ಕೇಳುತ್ತದೆ. ಬಸ್ ಕೌಂಟರಿಗೆ ಯಾವ ಪ್ರೋಗ್ರಾಂ ಅಂತ ಗೊತ್ತಿಲ್ಲ, ಹಾಗಾಗಿ ಒಂದೇ ಪ್ರೋಗ್ರಾಂನ ಲೆಕ್ಕ ಕೊಡು ಅಂದರೆ ನಿರಾಕರಿಸಬೇಕು. ಸ್ಯಾಂಪ್ಲಿಂಗ್ (ಇಷ್ಟಿಷ್ಟು ಎಣಿಕೆಗೊಮ್ಮೆ ಪ್ರೋಗ್ರಾಂ ಎಲ್ಲಿದೆ ಅಂತ ಗುರುತಿಸುವುದು) ಕೇಳಿದರೂ ನಿರಾಕರಿಸಬೇಕು. ಪಾಪ ಕೇಳುತ್ತಿದ್ದಾರೆ ಅಂತ ಸುಮ್ನೆ ಒಪ್ಪಿಕೊಂಡರೆ, ಅರ್ಥವಿಲ್ಲದ ಸಂಖ್ಯೆಯನ್ನು ನಿಜ ಅಂತ ಕೊಟ್ಟ ಹಾಗೆ.

ದೊಡ್ಡ ಅಡ್ಡಿ ಇನ್ನೊಂದಿದೆ. ಕೋಡ್ ಶುರು ಮಾಡುವ ಮುಂಚೆ ನಿಮ್ಮ ಹಾರ್ಡ್‌ವೇರ್ ತಂಡವನ್ನು ಕೇಳಿ. ಆಡ್, ಡೆಲ್, ರೀಡ್ ಇವನ್ನೆಲ್ಲ ಕರ್ನಲ್ ಕರೆಯುವುದು ಇಂಟರಪ್ಟ್ ಮುಚ್ಚಿಕೊಂಡು. ಅಲ್ಲಿ ನಿದ್ದೆ ಹೋಗುವ ಯಾವ ಫಂಕ್ಷನ್ನೂ ಕೂಡದು. ಎಫ್‌ಪಿಜಿಎ ರಿಜಿಸ್ಟರ್‌ಗಳು ಮೆಮೊರಿ ವಿಳಾಸದಲ್ಲಿ ಸಿಕ್ಕರೆ ಸರಿ. ಐ2ಸಿ ಅಥವಾ ಎಸ್‌ಪಿಐ ಎಂಬ ನಿಧಾನದ ಬಸ್ಸುಗಳ ಆಚೆ ಇದ್ದರೆ ಪರ್ಫ್ ಚೌಕಟ್ಟು ಒಗ್ಗುವುದಿಲ್ಲ, ಯಾಕೆಂದರೆ ಆ ಬಸ್ಸುಗಳ ಓದು ಕಾಯುತ್ತದೆ, ಮಲಗುತ್ತದೆ. ಆಗ ಸಿಸ್‌ಎಫ್‌ಎಸ್‌ನಲ್ಲಿ (ಕರ್ನಲ್‌ನ ಮಾಹಿತಿ ಫೈಲುಗಳಾಗಿ ಕಾಣುವ ಜಾಗ) ಒಂದು ಸರಳ ಫೈಲ್ ಸಾಕು. ಹಾಗೆಯೇ ಕೌಂಟರ್ ಇರುವ ಬ್ಲಾಕಿನ ಕ್ಲಾಕ್ ಆರಿಸುವ ಏರ್ಪಾಡು ಇದೆಯಾ ಅಂತಲೂ ಕೇಳಿ. ಕ್ಲಾಕ್ ಇಲ್ಲದ ಬ್ಲಾಕಿನ ರಿಜಿಸ್ಟರ್ ಓದಿದರೆ ಕೆಲವು ಬೋರ್ಡುಗಳಲ್ಲಿ ಬಸ್ ಉತ್ತರವನ್ನೇ ಕೊಡುವುದಿಲ್ಲ, ಇಡೀ ಬೋರ್ಡ್ ಕಲ್ಲಾಗುತ್ತದೆ.

ಕೌಂಟರ್ 32 ಬಿಟ್ ಆಗಿದ್ದು 200 ಮೆಗಾಹರ್ಟ್ಸ್ ಕ್ಲಾಕಿನಲ್ಲಿ ಪ್ರತಿ ಸೈಕಲ್ ಎಣಿಸಿದರೆ 21 ಸೆಕೆಂಡ್ ಚಿಲ್ಲರೆಗೆ ಒಮ್ಮೆ ಸುತ್ತುತ್ತದೆ. ತುಂಬಿದಾಗ ಇಂಟರಪ್ಟ್ ಇಲ್ಲದಿದ್ದರೆ ಒಂದು ಎಚ್ಆರ್‌ಟೈಮರ್ (ಕರ್ನಲ್‌ನ ನಿಖರ ಟೈಮರ್) ಇಟ್ಟು, ಐದು ಸೆಕೆಂಡಿಗೊಮ್ಮೆ ಓದಿ ಮೊತ್ತಕ್ಕೆ ಸೇರಿಸುತ್ತಾ ಹೋಗಿ. ಟೈಮರ್ ಮತ್ತು ಬಳಕೆದಾರ ಇಬ್ಬರೂ ಒಂದೇ ಗಳಿಗೆ ಓದಿದರೆ ವ್ಯತ್ಯಾಸ ಎರಡು ಸಲ ಸೇರಿಹೋಗಬಹುದು. ಅದಕ್ಕೇ ಹಳೆಯ ಬೆಲೆಯನ್ನು ಕಂಪೇರ್ ಎಕ್ಸ್‌ಚೇಂಜ್‌ನಿಂದ (ನಡುವೆ ಯಾರೂ ಬದಲಿಸಿಲ್ಲದಿದ್ದರೆ ಮಾತ್ರ) ಬದಲಾಯಿಸುವ ಸಣ್ಣ ಲೂಪ್ ಬಹಳಷ್ಟು ಡ್ರೈವರುಗಳಲ್ಲಿ ಇರುತ್ತದೆ. ಅದನ್ನು ಅಲಂಕಾರ ಅಂತ ತೆಗೆಯಬೇಡಿ. ಇಂಟರಪ್ಟ್ ಇದ್ದರೆ, ಹ್ಯಾಂಡ್ಲರಿನಲ್ಲಿ ತುಂಬಿದ ಬಿಟ್ ಅಳಿಸಲೇಬೇಕು. ಮಟ್ಟ ನೋಡಿ ಬರುವ ಇಂಟರಪ್ಟ್‌ನಲ್ಲಿ ಅದು ಉಳಿದರೆ ಕೋರ್ ಅದೇ ಹ್ಯಾಂಡ್ಲರಿಗೆ ಮತ್ತೆ ಮತ್ತೆ ಬಂದು, ಬೇರೆ ಏನೂ ಓಡದೆ ನಿಂತುಬಿಡುತ್ತದೆ.

64 ಬಿಟ್ ಕೌಂಟರ್ ಇದೆ, ನಮಗೆ ಈ ತಲೆನೋವಿಲ್ಲ ಅಂತ ನಿಮ್ಮ ಹಾರ್ಡ್‌ವೇರಿನವರು ಹೇಳಬಹುದು. ನಾನು ಕೆಲಸ ಮಾಡಿದ ಒಂದು ಬೋರ್ಡಿನಲ್ಲೂ ಹಾಗೇ ಹೇಳಿದ್ದರು. ಮೆಮೊರಿ ಟ್ರಾಫಿಕ್ ಎಣಿಸುವ ಕೌಂಟರ್, ಎರಡು 32 ಬಿಟ್ ತುಂಡಾಗಿ ಓದಬೇಕಿತ್ತು. ಎಲ್ಲ ಚೆನ್ನಾಗಿತ್ತು, ಎರಡು ಮೂರು ದಿನಕ್ಕೊಮ್ಮೆ ಮಾತ್ರ ಲೆಕ್ಕ 400 ಕೋಟಿಗೂ ಜಾಸ್ತಿ ಹಿಂದೆ ಹೋಗಿ, ಮುಂದಿನ ಓದಿನಲ್ಲಿ ಸರಿಯಾಗುತ್ತಿತ್ತು. ಮೊದಲು ಮೇಲಿನ ತುಂಡು ಓದುತ್ತಿದ್ದೆವು: 6. ಕೆಳಗಿನದು ಓದುವಷ್ಟರಲ್ಲಿ ಅದು ತುಂಬಿ ಸೊನ್ನೆಯಿಂದ ಶುರುವಾಗಿ 12 ಆಗಿರುತ್ತಿತ್ತು, ಮೇಲಿನದು 7 ಆಗಿರುತ್ತಿತ್ತು. ನಮ್ಮ ಕೈಯಲ್ಲಿ ಹಳೆಯ 6 ಮತ್ತು ಹೊಸ 12. ಆ ಕೆಲವು ನ್ಯಾನೋಸೆಕೆಂಡಿನ ಕಿಂಡಿಯಲ್ಲಿ ಬಿದ್ದಾಗ ಮಾತ್ರ ತಪ್ಪು. ಹುಡುಕಲು ಹನ್ನೊಂದು ದಿನ ಹಿಡಿಯಿತು. ಪರಿಹಾರ ಮೂರು ಸಾಲು: ಮೇಲಿನದು ಓದಿ, ಕೆಳಗಿನದು ಓದಿ, ಮತ್ತೆ ಮೇಲಿನದು ಓದಿ, ಎರಡು ಸಲವೂ ಒಂದೇ ಇಲ್ಲದಿದ್ದರೆ ಮೊದಲಿನಿಂದ. ನಿಮ್ಮ ಎಫ್‌ಪಿಜಿಎ ಇನ್ನೂ ತಯಾರಾಗುತ್ತಿದೆ. ಕೆಳಗಿನದು ಓದಿದ ಕ್ಷಣ ಮೇಲಿನದನ್ನು ಹಿಡಿದಿಡುವ ಒಂದು ಲ್ಯಾಚ್ ಹಾಕಿ ಅಂತ ಈಗಲೇ ಕೇಳಿಬಿಡಿ. ಆಮೇಲೆ ಕೇಳಿದರೆ ಸಿಗುವುದಿಲ್ಲ.

ಎರಡಕ್ಕೂ ಸೇರಿಸಿ ಒಂದೇ ಡ್ರೈವರ್ ಬೇಕಿಲ್ಲ. ಎರಡೂ ಪರ್ಫ್‌ನಲ್ಲಿ ಇದ್ದರೆ ಒಂದೇ ಪರ್ಫ್ ಸ್ಟ್ಯಾಟ್ ಆಜ್ಞೆಯಲ್ಲಿ ಅಕ್ಕಪಕ್ಕ ಕಾಣುತ್ತವೆ. ಬಸ್ಸಿನ ಎಣಿಕೆ ಇಡೀ ಬೋರ್ಡಿನದು ಅನ್ನುವುದು ಮಾತ್ರ ನೆನಪಿರಲಿ.

ಯಾವ ಡ್ರೈವರ್ ಆದರೂ ಸಂಖ್ಯೆ ನಂಬುವ ಮುಂಚೆ ಉತ್ತರ ಗೊತ್ತಿರುವ ಲೆಕ್ಕ ಕೊಟ್ಟು ನೋಡಿ. ಅಸೆಂಬ್ಲಿಯಲ್ಲಿ ಒಂದು ಕಳೆಯುವ ಸೂಚನೆ, ಒಂದು ಹಾರುವ ಸೂಚನೆ, ಎರಡೇ ಇರುವ ಲೂಪ್. ಒಂದು ಕೋಟಿ ಸಲ ತಿರುಗಿಸಿದರೆ ಮುಗಿದ ಸೂಚನೆಗಳ ಎಣಿಕೆ 2 ಕೋಟಿಗೆ ತೀರಾ ಹತ್ತಿರ ಬರಬೇಕು. ಎಫ್‌ಪಿಜಿಎಗೆ ಗಾತ್ರ ಗೊತ್ತಿರುವ ಒಂದು ಡಿಎಂಎ (ಪ್ರೊಸೆಸರ್ ನಡುವೆ ಬಾರದೆ ನಡೆಯುವ ಡೇಟಾ ಸಾಗಣೆ) ಕಳಿಸಿ ಬೈಟ್ ಲೆಕ್ಕ ತಾಳೆ ನೋಡಿ. ಸೈಕಲ್ ಎಣಿಕೆಯನ್ನು ಮಾತ್ರ ಸಮಯ ಅಂತ ತಿಳಿಯಬೇಡಿ. ಪೈ ಕೆಲಸ ಕಡಿಮೆ ಇದ್ದಾಗ 600 ಮೆಗಾಹರ್ಟ್ಸ್‌ಗೆ ಇಳಿಯುತ್ತದೆ, ಕೋರ್ ಮಲಗಿದಾಗ ಸೈಕಲ್ ಕೌಂಟರ್ ನಿಂತೇ ಬಿಡುತ್ತದೆ. ನಿಮ್ಮ ತಡವಾದ ಫ್ರೇಮಿಗೆ ಕಾರಣ ಕ್ಯಾಶ್ ಅಲ್ಲ, ಈ ಇಳಿದ ವೇಗವೇ ಇದ್ದರೂ ಇರಬಹುದು. ಗವರ್ನರ್ ಅನ್ನು (ಪ್ರೊಸೆಸರಿನ ವೇಗ ನಿರ್ಧರಿಸುವ ಹೊಂದಿಕೆ) ಪರ್ಫಾರ್ಮೆನ್ಸ್‌ಗೆ ಇಟ್ಟು ಒಮ್ಮೆ ಓಡಿಸಿ ನೋಡಿ, ಐದು ನಿಮಿಷದ ಕೆಲಸ.

ಅದಕ್ಕೂ ಮುಂಚೆ ನಿಮ್ಮ ಮಾಡ್ಯೂಲ್ ತೆಗೆದು, ಬೋರ್ಡ್ ರೀಬೂಟ್ ಮಾಡಿ, ಡಿಮೆಸೇಜ್‌ನಲ್ಲಿ (ಕರ್ನಲ್‌ನ ಸಂದೇಶಗಳ ಪಟ್ಟಿ) ಪರ್ಫ್‌ಈವೆಂಟ್ಸ್ ಅಂತ ಹುಡುಕಿ. ಕಾರ್ಟೆಕ್ಸ್ ಎ72 ಪಿಎಂಯು ಡ್ರೈವರ್ ಶುರುವಾಗಿದೆ, 7 ಕೌಂಟರ್ ಲಭ್ಯ ಅನ್ನುವ ಸಾಲು ಇರಬೇಕು. ಇದ್ದರೆ ಮೇಲೆ ಹೇಳಿದ ಹಾಗೆ ಮುಂದುವರಿಯಿರಿ. ಇಲ್ಲದಿದ್ದರೆ ಡಿವೈಸ್ ಟ್ರೀಯಲ್ಲಿ (ಬೋರ್ಡಿನ ಹಾರ್ಡ್‌ವೇರಿನ ವಿವರ ಪಟ್ಟಿ) ಪಿಎಂಯು ನೋಡ್ ಇದೆಯಾ, ಅದರಲ್ಲಿ ಪ್ರತಿ ಕೋರಿಗೂ ಒಂದೊಂದು ಇಂಟರಪ್ಟ್ ಬರೆದಿದೆಯಾ ನೋಡಿ, ಆ ಭಾಗವನ್ನು ನನಗೆ ಕಳಿಸಿ.